ಗುಡ್ಡ ನಮ್ಮೂರಿನದು, ನೀತಿ ದೆಹಲಿಯದು: ನಡುವೆ ನಮ್ಮ ಮಾತಿಗೆ ಜಾಗವೆಲ್ಲಿ?

ಪ್ರಶ್ನೆ: ಮಾನ್ಯರೇ, ನಾನು ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ರೈತ. ಹಿಂದೆ ಒಂದು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯನಾಗಿದ್ದೆ. ನಮ್ಮ ಸುತ್ತಲಿನ ಗುಡ್ಡಗಳ ಮೇಲೆ ಗಾಳಿ ಫ್ಯಾನುಗಳು ಬಂದು ವರ್ಷಗಳೇ ಆದವು. ಈಗ ಸೋಲಾರ್‌ಗೆ ಜಮೀನು ಲೀಸಿಗೆ ಕೊಡಿ ಎಂದು ಏಜೆಂಟರು ಮನೆ ಬಾಗಿಲಿಗೆ ಬರುತ್ತಿದ್ದಾರೆ. ಹೈಟೆನ್ಷನ್ ಲೈನ್ ಹಾದುಹೋಗುತ್ತದೆಂದು ನನ್ನ ಮೆಕ್ಕೆಜೋಳದ ಹೊಲದಲ್ಲಿ ಗುರುತಿನ ಕಲ್ಲು ನೆಟ್ಟು ಹೋಗಿದ್ದಾರೆ. ಇಷ್ಟಾದರೂ ಈ ಯಾವ ವಿಷಯದಲ್ಲಿಯೂ ನಮ್ಮನ್ನು ಯಾರೂ ಕೇಳಿಲ್ಲ. ವಿದ್ಯುತ್ ನೀತಿಯ ಕರಡಿಗೆ ಸಾರ್ವಜನಿಕರು ಅಭಿಪ್ರಾಯ ಕಳುಹಿಸಬಹುದೆಂದು ಆಗಾಗ ಪತ್ರಿಕೆಯಲ್ಲಿ ಓದುತ್ತೇನೆ. ಮಗನಿಂದ ಮೊಬೈಲಿನಲ್ಲಿ ತೆಗೆಸಿ ನೋಡಿದರೆ ಪುಟಗಟ್ಟಲೆ ಇಂಗ್ಲಿಷ್. ಒಮ್ಮೆ ದರ ಏರಿಕೆಯ ವಿಚಾರಣೆಗೆ ನಾಲ್ಕು ಜನ ಸೇರಿ ಬೆಂಗಳೂರಿಗೆ ಹೋಗಿ ಮಾತನಾಡಿ ಬಂದೆವು. ಆದರೂ ದರ ಏರಿತು. ‘ಇವೆಲ್ಲ ತಜ್ಞರ ವಿಚಾರ, ನಿಮಗೆ ತಿಳಿಯುವುದಿಲ್ಲ’ ಎಂದು ಅಧಿಕಾರಿಯೊಬ್ಬರು ಹೇಳಿದ್ದು ಇನ್ನೂ ಮನಸ್ಸಿನಲ್ಲಿದೆ. ಇತ್ತ ಊರಿನಲ್ಲಿ ಫ್ಯಾನುಗಳು ಮೋಡ ಓಡಿಸುತ್ತವೆ, ನಮ್ಮ ಗುಡ್ಡದ ಕರೆಂಟೆಲ್ಲ ಬೆಂಗಳೂರಿಗೆ ಹೋಗುತ್ತದೆ ಎಂಬ ಮಾತು ನಿಂತಿಲ್ಲ. ದೇಶದ ವಿದ್ಯುತ್ ನೀತಿಯಂಥ ದೊಡ್ಡ ವಿಚಾರದಲ್ಲಿ ನಮ್ಮಂಥವರ ಮಾತಿಗೆ ನಿಜವಾಗಿ ಬೆಲೆ ಇದೆಯೇ? ಇದ್ದರೆ ಎಲ್ಲಿ, ಯಾವಾಗ ಹೇಳಬೇಕು? ಇದಕ್ಕೆಲ್ಲ ಜನಮತಗಣನೆಯನ್ನೇ ಏಕೆ ನಡೆಸಬಾರದು?

ಉತ್ತರ: ನಿಮ್ಮ ಪತ್ರದಲ್ಲಿರುವ ಆತಂಕ, ನಾನು ಅರ್ಥ ಮಾಡಿಕೊಂಡಂತೆ, ಫ್ಯಾನು, ಸೋಲಾರ್ ಅಥವಾ ಲೈನ್ ಇವುಗಳಲ್ಲಿ ಯಾವೊಂದರ ಬಗೆಗೂ ಅಲ್ಲ. ನಿಮ್ಮ ನೆಲ, ನಿಮ್ಮ ಬಿಲ್ಲು, ನಿಮ್ಮ ಮಕ್ಕಳ ಮುಂದಿನ ಬದುಕು ಇವನ್ನು ಮುಟ್ಟುವ ನಿರ್ಧಾರಗಳು ಎಲ್ಲಿಯೋ ಮುಗಿದುಹೋಗಿ, ನಿಮ್ಮ ಊರಿಗೆ ಬರುವ ಹೊತ್ತಿಗೆ ಕೇವಲ ಜಾರಿಯ ಕೆಲಸವಾಗಿ ಉಳಿದಿರುತ್ತವೆ ಎಂಬುದು ಅದರ ತಿರುಳು. ವಿದ್ಯುತ್ ದರ ಮತ್ತು ನಿಯಂತ್ರಣದ ಕಡತಗಳ ನಡುವೆ ವೃತ್ತಿಜೀವನ ಕಳೆದವನಾಗಿ ಹೇಳುವುದಾದರೆ, ಈ ಆತಂಕಕ್ಕೆ ಗಟ್ಟಿಯಾದ ಆಧಾರವಿದೆ. ಆದರೆ ನಿಮ್ಮ ಮಾತಿಗೆ ಬೆಲೆಯೇ ಇಲ್ಲ ಎಂಬ ತೀರ್ಮಾನಕ್ಕೆ ಆಧಾರವಿಲ್ಲ. ಬೆಲೆ ಇರುವ ಜಾಗಗಳು ಕೆಲವೇ ಇವೆ, ಅವು ತೆರೆದಿರುವ ಅವಧಿ ಚಿಕ್ಕದು, ಮತ್ತು ಅವುಗಳ ದಾರಿಯನ್ನು ನಿಮಗೆ ಯಾರೂ ತೋರಿಸಿಲ್ಲ.

ಮೊದಲು ಊರಿನ ಎರಡು ಮಾತುಗಳನ್ನು ತೆಗೆದುಕೊಳ್ಳೋಣ. ಫ್ಯಾನುಗಳು ಮೋಡವನ್ನು ಓಡಿಸುವುದಿಲ್ಲ. ರೆಕ್ಕೆಯ ತುದಿ ಹೆಚ್ಚೆಂದರೆ ಸುಮಾರು ಇನ್ನೂರು ಮೀಟರ್ ಎತ್ತರಕ್ಕೆ ಏರುತ್ತದೆ. ಮಳೆ ಸುರಿಸುವ ಮೋಡಗಳು ಕಿಲೋಮೀಟರುಗಟ್ಟಲೆ ದಪ್ಪವಾಗಿ, ಬಹುತೇಕ ಅದಕ್ಕಿಂತ ಬಹಳ ಮೇಲೆ ಹರಡಿಕೊಂಡಿರುತ್ತವೆ. ಜಗಳೂರು, ಚಳ್ಳಕೆರೆ, ಹಿರಿಯೂರು ಸೀಮೆಯಲ್ಲಿ ಮಳೆ ಕಡಿಮೆಯಾಗಿರುವುದು ಪಶ್ಚಿಮ ಘಟ್ಟದ ಮಳೆ ನೆರಳಿನಿಂದ. ಮುಂಗಾರಿನ ಗಾಳಿ ತನ್ನ ನೀರಿನ ಬಹುಪಾಲನ್ನು ಮಲೆನಾಡಿನಲ್ಲಿಯೇ ಸುರಿಸಿ, ಒಣಗಿದ ಮೇಲೆ ಜೋರಾಗಿ ನಮ್ಮ ಗುಡ್ಡಗಳ ಮೇಲೆ ಬೀಸುತ್ತದೆ. ಮಳೆ ಇಲ್ಲದ ಸೀಮೆಯಲ್ಲಿಯೇ ಫ್ಯಾನುಗಳು ಹೆಚ್ಚಾಗಿ ಕಾಣುವುದಕ್ಕೆ ಇದೇ ಕಾರಣ: ಬರವನ್ನು ಫ್ಯಾನು ತಂದಿಲ್ಲ, ಬರವನ್ನೂ ಗಾಳಿಯನ್ನೂ ಒಂದೇ ಭೂಗೋಳ ತಂದಿದೆ.

‘ಕರೆಂಟೆಲ್ಲ ಬೆಂಗಳೂರಿಗೆ’ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಫ್ಯಾನಿನಲ್ಲಿ ಹುಟ್ಟಿದ ವಿದ್ಯುತ್ತನ್ನು 33 ಕೆ.ವಿ.ಗೆ ಏರಿಸಿ ದೊಡ್ಡ ಸಬ್‌ಸ್ಟೇಷನ್ನಿಗೆ ಒಯ್ಯುತ್ತಾರೆ. ಅಲ್ಲಿಂದ ಅದು ರಾಜ್ಯದ ಜಾಲಕ್ಕೆ ಸೇರುತ್ತದೆ, ಹತ್ತಿರದ ಬೇಡಿಕೆಗೆ ಮೊದಲು ಒದಗುತ್ತದೆ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಅದು ಕೊಂಡುಕೊಂಡ ಕಂಪನಿಯ ಅಥವಾ ಕಾರ್ಖಾನೆಯ ಪಾಲು. ನಿಮ್ಮ ಊರಿಗೆ ಬರುವುದು 11 ಕೆ.ವಿ. ಫೀಡರ್, ಅಂದರೆ ಊರಿಗೆ ವಿದ್ಯುತ್ ಹಂಚುವ ಲೈನು; ಅದರ ತಂತಿ, ಟಿ.ಸಿ. (ಟ್ರಾನ್ಸ್‌ಫಾರ್ಮರ್), ಅದಕ್ಕೆ ಜೋಡಿಸಿದ ಹೊರೆ ಇವು ಸರಿಯಿಲ್ಲದಿದ್ದರೆ ಗುಡ್ಡದ ಮೇಲೆ ನೂರು ಫ್ಯಾನು ತಿರುಗಿದರೂ ಮನೆಯ ದೀಪ ಮಂಕಾಗಿಯೇ ಉರಿಯುತ್ತದೆ. ಆದ್ದರಿಂದ ಫ್ಯಾನಿನ ಕರೆಂಟು ನಮಗೇ ಬೇಕು ಎಂದು ಕೇಳುವುದಕ್ಕಿಂತ ನಮ್ಮ ಫೀಡರ್ ಸರಿಪಡಿಸಿ ಎಂದು ಕೇಳುವುದು ಫಲ ಕೊಡುವ ಬೇಡಿಕೆ. ಇಂಥ ಮಾತುಗಳನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ಗುಡ್ಡಕ್ಕೆ ರಸ್ತೆ ಕಡಿಯುವ ಮೊದಲು ಯಾರಾದರೂ ಊರಿನ ಕಟ್ಟೆಯ ಮೇಲೆ ಕುಳಿತು ವಿವರಿಸಿದ್ದರೆ ಈ ಪ್ರಶ್ನೆಗಳು ಆ ದಿನವೇ ಮುಗಿಯುತ್ತಿದ್ದವು.

ಇನ್ನು ಆ ಅಧಿಕಾರಿಯ ಮಾತು. ವಿದ್ಯುತ್ ನೀತಿಯೊಳಗೆ ಎರಡು ಜಾತಿಯ ಪ್ರಶ್ನೆಗಳು ಹೆಣೆದುಕೊಂಡಿರುತ್ತವೆ. ಕೇಂದ್ರ ವಿದ್ಯುತ್ ಪ್ರಾಧಿಕಾರವು 2023ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ವಿದ್ಯುತ್ ಯೋಜನೆಯ ಪ್ರಕಾರ 2031–32ರ ಹೊತ್ತಿಗೆ ದೇಶದ ಗರಿಷ್ಠ ಬೇಡಿಕೆ ಸುಮಾರು 3.66 ಲಕ್ಷ ಮೆಗಾವಾಟ್ ತಲುಪುತ್ತದೆ. ಈ ಅಂದಾಜು ಸರಿಯೇ, ಕರ್ನಾಟಕದ ಗಾಳಿ ಮುಂಗಾರಿನ ತಿಂಗಳುಗಳಲ್ಲಿ ಹೆಚ್ಚಾಗಿ ಬೀಸಿ ಉಳಿದಂತೆ ಇಳಿಯುವುದರಿಂದ ಎಷ್ಟು ಸಂಗ್ರಹಣೆ ಬೇಕು, ಸಂಜೆ ಸೂರ್ಯ ಮುಳುಗಿದ ಕೂಡಲೇ ಏರುವ ಬೇಡಿಕೆಗೆ ಯಾವ ಸ್ಥಾವರ ಒದಗಬೇಕು ಎಂಬ ಪ್ರಶ್ನೆಗಳಿಗೆ ಲೆಕ್ಕ ಬಲ್ಲವರೇ ಉತ್ತರಿಸಬೇಕು. ಇಲ್ಲಿ ಕೈ ಎತ್ತಿಸಿ ಮತ ಎಣಿಸುವುದರಿಂದ ಪ್ರಯೋಜನವಿಲ್ಲ. ಆದರೆ ಆ ವಿದ್ಯುತ್ತಿಗಾಗಿ ಯಾರ ನೆಲ ಹೋಗಬೇಕು, ಅಡಿಕೆ ತೋಟವೋ ಗೋಮಾಳವೋ, ಖರ್ಚನ್ನು ಮನೆಯ ಬಿಲ್ಲಿಗೆ ಹಾಕಬೇಕೋ ಕಾರ್ಖಾನೆಗೆ ಹಾಕಬೇಕೋ ಸರ್ಕಾರದ ಬೊಕ್ಕಸಕ್ಕೋ, ಇಂದಿನ ಕಡಿಮೆ ದರ ಮುಖ್ಯವೋ ಮುಂದಿನ ತಲೆಮಾರಿನ ಕಾಡು ಮುಖ್ಯವೋ ಎಂಬ ಪ್ರಶ್ನೆಗಳಿಗೆ ಯಾವ ಎಂಜಿನಿಯರಿಂಗ್ ಪುಸ್ತಕದಲ್ಲಿಯೂ ಉತ್ತರವಿಲ್ಲ. ಅವು ನ್ಯಾಯದ ಪ್ರಶ್ನೆಗಳು. ಅವುಗಳಲ್ಲಿ ನಿಮ್ಮ ಮಾತಿಗೂ ನನ್ನ ಮಾತಿಗೂ ತೂಕ ಒಂದೇ.

ನಿಮ್ಮ ಬಿಲ್ಲಿನಲ್ಲಿಯೇ ಇದಕ್ಕೆ ಉದಾಹರಣೆ ಇದೆ. 2025ರ ಏಪ್ರಿಲ್‌ನಿಂದ ವಿದ್ಯುತ್ ಪ್ರಸರಣ ನಿಗಮ ಕೆಪಿಟಿಸಿಎಲ್ ಮತ್ತು ವಿತರಣಾ ಕಂಪನಿಗಳ ನೌಕರರ ಪಿಂಚಣಿ ಹಾಗೂ ಗ್ರಾಚ್ಯುಟಿಯ ಬಾಬ್ತು ಗ್ರಾಹಕರಿಂದ ವಸೂಲಿಯಾಗುತ್ತಿದೆ; 2025–26ರಲ್ಲಿ ಅದು ಯೂನಿಟ್ಟಿಗೆ 36 ಪೈಸೆ ಇತ್ತು. ಪಿಂಚಣಿ ಕೊಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ತೆರಿಗೆಯಿಂದ ಕೊಡಬೇಕೋ ಬಿಲ್ಲಿನಿಂದ ಕೊಡಬೇಕೋ ಎಂಬುದು ತಾಂತ್ರಿಕ ವಿಷಯವೇ ಅಲ್ಲ. ಆದರೂ ಅದು ಪೈಸೆ, ಯೂನಿಟ್, ಕೋಷ್ಟಕಗಳ ಭಾಷೆಯಲ್ಲಿ ಬರುವುದರಿಂದ ತಜ್ಞರ ವಿಷಯದಂತೆ ತೋರುತ್ತದೆ. ನ್ಯಾಯದ ಪ್ರಶ್ನೆ ಹೀಗೆ ಲೆಕ್ಕದ ಪ್ರಶ್ನೆಯ ವೇಷದಲ್ಲಿ ಬಂದಾಗ ಜನರನ್ನು ಹೊರಗಿಡುವುದು ಬಹಳ ಸುಲಭ. ಸಭೆಯಲ್ಲಿ ನಿಮಗೆ ತಿಳಿಯುವುದಿಲ್ಲ ಎಂದು ಇನ್ನು ಯಾರಾದರೂ ಹೇಳಿದರೆ, ಇದರಲ್ಲಿ ಲೆಕ್ಕ ಯಾವುದು, ಹಂಚಿಕೆ ಯಾವುದು ಎಂದು ಬಿಡಿಸಿ ಹೇಳಿ ಎಂದು ಕೇಳಿ. ಅದು ತೀರಾ ಯೋಗ್ಯವಾದ ಪ್ರಶ್ನೆ.

ಜನರನ್ನು ಕೇಳುವ ಹೊತ್ತು ಏಕೆ ತಪ್ಪುತ್ತದೆ ಎಂಬುದಕ್ಕೆ ಕಾರಣ ಕಾನೂನಿನ ರಚನೆಯಲ್ಲಿಯೇ ಇದೆ. 2003ರ ವಿದ್ಯುತ್ ಕಾಯಿದೆಯ 3ನೇ ಸೆಕ್ಷನ್ನಿನ ಪ್ರಕಾರ ರಾಷ್ಟ್ರೀಯ ವಿದ್ಯುತ್ ನೀತಿಯನ್ನು ಕೇಂದ್ರ ಸರ್ಕಾರ ರೂಪಿಸುವಾಗ ರಾಜ್ಯ ಸರ್ಕಾರಗಳೊಂದಿಗೂ ಕೇಂದ್ರ ವಿದ್ಯುತ್ ಪ್ರಾಧಿಕಾರದೊಂದಿಗೂ ಸಮಾಲೋಚಿಸಬೇಕು. ಜನರನ್ನು ಕೇಳಬೇಕೆಂದು ಅಲ್ಲಿ ಹೇಳಿಲ್ಲ. ಐದು ವರ್ಷಕ್ಕೊಮ್ಮೆ ಪ್ರಾಧಿಕಾರ ತಯಾರಿಸುವ ರಾಷ್ಟ್ರೀಯ ವಿದ್ಯುತ್ ಯೋಜನೆಯ ಕರಡನ್ನು ಮಾತ್ರ ಪ್ರಕಟಿಸಿ, ಸಾರ್ವಜನಿಕರಿಂದಲೂ ಸಲಹೆ, ಆಕ್ಷೇಪಣೆ ಕರೆಯಲೇಬೇಕೆಂದು ಅದೇ ಸೆಕ್ಷನ್ ಕಡ್ಡಾಯ ಮಾಡಿದೆ. ಎಲ್ಲಿ ಎಷ್ಟು ಗಾಳಿ, ಎಷ್ಟು ಸೌರ, ಎಷ್ಟು ಕಲ್ಲಿದ್ದಲು ಎಂಬ ಚಿತ್ರ ಮೂಡುವುದು ಆ ಯೋಜನೆಯಲ್ಲಿ. ಅದು ಮುಗಿದ ಮೇಲೆ ಟೆಂಡರ್, ಟೆಂಡರ್ ಆದ ಮೇಲೆ ಏಜೆಂಟ್, ಏಜೆಂಟನ ಹಿಂದೆ ನಿಮ್ಮ ಹೊಲದ ಕಲ್ಲು. ನಿಮ್ಮ ಆಕ್ಷೇಪಣೆ ಹುಟ್ಟುವುದು ಕಲ್ಲು ನೆಟ್ಟ ದಿನ. ಅದನ್ನು ಹೇಳಬೇಕಾದ ಹೊತ್ತು ಅದಕ್ಕೆ ಎಷ್ಟೋ ವರ್ಷ ಮೊದಲೇ ಕಳೆದಿರುತ್ತದೆ.

ಯೋಜನೆ ಊರಿಗೆ ಬಂದ ಮೇಲಾದರೂ ಕೇಳುತ್ತಾರೆಯೇ ಎಂದರೆ, 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿ ಮತ್ತು ಸೌರ ವಿದ್ಯುತ್ ಘಟಕಗಳೇ ಇಲ್ಲ. ಹೊಗೆ ಉಗುಳುವುದಿಲ್ಲ ಎಂಬ ಕಾರಣಕ್ಕೆ ಬಿಟ್ಟಿರುವುದು ಅರ್ಥವಾಗುತ್ತದೆ. ಆದರೆ ಗುಡ್ಡಕ್ಕೆ ಕಡಿದ ರಸ್ತೆ, ಮುಚ್ಚಿದ ಕುರಿ ದಾರಿ, ಬೇಲಿಯೊಳಗೆ ಹೋದ ಮೇವಿನ ಕಾವಲು ಇವು ಹೊಗೆಯ ಲೆಕ್ಕಕ್ಕೆ ಸಿಗುವಂಥವಲ್ಲ. ಅಣೆಕಟ್ಟು, ದೊಡ್ಡ ಉಷ್ಣ ಸ್ಥಾವರ, ನೀರೆತ್ತಿ ಸಂಗ್ರಹಿಸುವ ಜಲವಿದ್ಯುತ್ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ಇದೆ. 2,000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೆ 2025ರ ಸೆಪ್ಟೆಂಬರ್‌ನಲ್ಲಿ ಅಂಥ ಸಭೆಗಳು ನಡೆದು, ದೊಡ್ಡ ವಿರೋಧ ದಾಖಲಾಯಿತು. ಆ ಸಭೆಗೆ 30 ದಿನ ಮೊದಲೇ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸಬೇಕು, ಎಲ್ಲವೂ ವಿಡಿಯೋ ಚಿತ್ರೀಕರಣವಾಗಬೇಕು. ಅದು ಮತದಾನವಲ್ಲ, ಬಂದವರೆಲ್ಲ ಬೇಡವೆಂದರೂ ಯೋಜನೆ ತಾನಾಗಿ ಬೀಳುವುದಿಲ್ಲ. ಆದರೆ ಅಲ್ಲಿ ದಾಖಲಾದ ಆಕ್ಷೇಪಣೆಗೆ ಉತ್ತರ ಕೊಡದೆ ಮುಂದೆ ಹೋದರೆ ಪರಿಸರ ಮೊಕದ್ದಮೆಗಳ ಹಸಿರು ನ್ಯಾಯಮಂಡಳಿಯಲ್ಲಿ ಆ ದಾಖಲೆಯೇ ನಿಮ್ಮ ಆಧಾರ. ಗದ್ದಲ ಎಬ್ಬಿಸಿ ಸಭೆ ಮುರಿದು ಬಂದರೆ ಆ ಆಧಾರವೂ ಕೈತಪ್ಪುತ್ತದೆ. ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯದೆ ಸಭೆಯಿಂದ ಏಳಬಾರದು.

ಕೇಳದೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ನಿಮ್ಮ ಪಕ್ಕದ ಚಳ್ಳಕೆರೆ ತಾಲ್ಲೂಕನ್ನೇ ನೋಡಬಹುದು. ಅಲ್ಲಿನ ಅಮೃತಮಹಲ್ ಕಾವಲಿನ ಸುಮಾರು ಹತ್ತು ಸಾವಿರ ಎಕರೆಯನ್ನು ರಕ್ಷಣಾ, ಅಣುಶಕ್ತಿ, ಬಾಹ್ಯಾಕಾಶ ಹಾಗೂ ವಿಜ್ಞಾನ ಸಂಸ್ಥೆಗಳಿಗೂ ಒಂದು ಸೌರ ಯೋಜನೆಗೂ ಹಂಚಿದಾಗ, ತಲೆತಲಾಂತರದಿಂದ ಅಲ್ಲಿ ದನ, ಕುರಿ ಮೇಯಿಸಿ ಕಂಬಳಿ ನೇಯ್ದು ಬದುಕುತ್ತಿದ್ದ ಹಳ್ಳಿಗಳಿಗೆ ವಿಷಯ ಸರಿಯಾಗಿ ತಿಳಿದದ್ದು ಗೋಡೆ ಏಳತೊಡಗಿದ ಮೇಲೆ. ಪ್ರಕರಣ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಕಂದಾಯ ದಾಖಲೆಯಲ್ಲಿ ಅದು ಸರ್ಕಾರಿ ಜಮೀನು, ಆದ್ದರಿಂದ ಕೇಳಬೇಕಾದ ಮಾಲೀಕನೇ ಇಲ್ಲ ಎಂಬ ದೃಷ್ಟಿ ಅಲ್ಲಿ ಕೆಲಸ ಮಾಡಿತು. ಸೌರ ಮತ್ತು ಗಾಳಿ ಯೋಜನೆಗಳು ಈಗ ಹುಡುಕುತ್ತಿರುವುದೂ ಇದೇ ಬಗೆಯ, ಬೀಳು ಎಂದು ಬರೆಸಿಕೊಂಡ ನೆಲವನ್ನು. ನಿಮ್ಮ ಪಂಚಾಯಿತಿ ವ್ಯಾಪ್ತಿಯ ಗೋಮಾಳ, ಕಾವಲು, ಹುಲ್ಲುಬನ್ನಿಯಲ್ಲಿ ಯಾರು ಯಾವ ತಿಂಗಳು ಏನು ಮೇಯಿಸುತ್ತಾರೆ, ಯಾವ ಹಳ್ಳದ ನೀರು ಯಾವ ಕೆರೆಗೆ ಸೇರುತ್ತದೆ ಎಂಬುದನ್ನು ಈಗಲೇ, ಯಾವ ಯೋಜನೆಯೂ ಬಾಗಿಲಿಗೆ ಬರುವ ಮೊದಲೇ, ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿಡಿ. ನಾನು ಕೊಡಬಲ್ಲ ಸಲಹೆಗಳಲ್ಲಿ ಅತಿ ಅಗ್ಗದ್ದೂ ಅತಿ ಉಪಯುಕ್ತವಾದದ್ದೂ ಇದೇ ಎಂದು ನನ್ನ ನಂಬಿಕೆ.

ಇನ್ನು ಕರಡುಗಳಿಗೆ ಅಭಿಪ್ರಾಯ ಕಳುಹಿಸುವ ದಾರಿ. ಕಾಯಿದೆ, ನಿಯಮಗಳ ಕರಡನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕು, ಜೊತೆಗೆ ಸರಳ ಭಾಷೆಯ ವಿವರಣೆ ಕೊಡಬೇಕು ಎಂದು ಕೇಂದ್ರದ 2014ರ ಶಾಸನಪೂರ್ವ ಸಮಾಲೋಚನಾ ನೀತಿ ಹೇಳುತ್ತದೆ. ಅದು ನೀತಿಯೇ ಹೊರತು ಕಾನೂನಲ್ಲ. ಆದ್ದರಿಂದ ಪಾಲನೆ ಒಂದೇ ಸಮನಾಗಿಲ್ಲ. 2020ರ ಏಪ್ರಿಲ್‌ನಲ್ಲಿ, ದೇಶವೆಲ್ಲ ಲಾಕ್‌ಡೌನ್‌ನಲ್ಲಿದ್ದಾಗ, ವಿದ್ಯುತ್ ಕಾಯಿದೆ ತಿದ್ದುಪಡಿಯ ಕರಡು ಅಭಿಪ್ರಾಯಕ್ಕೆಂದು ಹೊರಬಂದದ್ದು ನಿಮಗೆ ನೆನಪಿರಬಹುದು. ಭಾಷೆಯ ಬಗ್ಗೆ ನೀವು ಹೇಳಿದ್ದು ಸಣ್ಣ ದೂರಲ್ಲ. ಅದೇ ವರ್ಷದ ಪರಿಸರ ಪರಿಣಾಮ ಅಂದಾಜು ಕರಡನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಿಗೆ ಅನುವಾದಿಸಬೇಕೆಂದು ದೆಹಲಿ ಹೈಕೋರ್ಟ್ ಆದೇಶಿಸಿತು. ನಮ್ಮ ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆ ಹೊರಡಿಸದಂತೆ ಮಧ್ಯಂತರ ಆದೇಶ ನೀಡಿತು. ಆ ಕರಡು ಆ ರೂಪದಲ್ಲಿ ಅಂತಿಮವಾಗಲಿಲ್ಲ. ಆದ್ದರಿಂದ ಮುಂದಿನ ಕರಡು ಬಂದಾಗ ಪಂಚಾಯಿತಿಯ ಮೊದಲ ಪತ್ರ ಒಂದೇ ಸಾಲಿನದಾಗಿರಲಿ: ಕನ್ನಡದಲ್ಲಿ ಕೊಡಿ, ಕೊಟ್ಟ ದಿನದಿಂದ ಅವಧಿ ಎಣಿಸಿ. ಈ ದಾರಿಯ ಮಿತಿಯನ್ನೂ ಹೇಳಬೇಕು. ನಿಮ್ಮ ಪತ್ರಕ್ಕೆ ಪ್ರತ್ಯೇಕ ಉತ್ತರ ಬರುವುದಿಲ್ಲ, ಅದನ್ನು ಏಕೆ ಒಪ್ಪಲಿಲ್ಲ ಎಂದು ಯಾರೂ ವಿವರಿಸುವುದಿಲ್ಲ.

ಉತ್ತರ ಕೊಡಲೇಬೇಕಾದ ವೇದಿಕೆ ಒಂದಿದೆ, ನೀವು ಒಮ್ಮೆ ಹೋಗಿ ನಿರಾಶರಾಗಿ ಬಂದದ್ದು ಅಲ್ಲಿಗೇ: ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳು ಬೆಸ್ಕಾಂ ವ್ಯಾಪ್ತಿಯವು; ಬೆಸ್ಕಾಂ ದರ ಪರಿಷ್ಕರಣೆಯ ಅರ್ಜಿ ಹಾಕಿದಾಗ ಅದನ್ನು ಪ್ರಕಟಿಸಬೇಕು, ಸಾರ್ವಜನಿಕರ ಸಲಹೆ, ಆಕ್ಷೇಪಣೆಗಳನ್ನು ಪರಿಗಣಿಸಿಯೇ ಆಯೋಗ 120 ದಿನಗಳೊಳಗೆ ಆದೇಶ ನೀಡಬೇಕು ಎಂದು ಕಾಯಿದೆಯ 64ನೇ ಸೆಕ್ಷನ್ ವಿಧಿಸಿದೆ. ಲಿಖಿತ ಆಕ್ಷೇಪಣೆ ಸಲ್ಲಿಸಿದರೆ ಬೆಸ್ಕಾಂ ಅದಕ್ಕೆ ಉತ್ತರಿಸಬೇಕಾಗುತ್ತದೆ. ಆಯೋಗದ ಆದೇಶದಲ್ಲಿ ಆಕ್ಷೇಪಣೆ, ಕಂಪನಿಯ ಉತ್ತರ, ಆಯೋಗದ ಅಭಿಪ್ರಾಯ ಮೂರೂ ಅಚ್ಚಾಗುತ್ತವೆ. ಆದೇಶ ಒಪ್ಪಿಗೆಯಾಗದಿದ್ದರೆ 45 ದಿನಗಳೊಳಗೆ ದೆಹಲಿಯ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ದರ ಏರಿತು ಎಂದ ಮಾತ್ರಕ್ಕೆ ನಿಮ್ಮ ಮಾತು ವ್ಯರ್ಥವಾಯಿತು ಎಂದುಕೊಳ್ಳಬೇಡಿ; ಕಂಪನಿ ಕೇಳಿದ್ದನ್ನೆಲ್ಲ ಆಯೋಗ ಹಾಗೆಯೇ ಒಪ್ಪುವುದು ಅಪರೂಪ, ಕಡಿತವಾದ ಬಾಬ್ತುಗಳ ಹಿಂದೆ ಹಲವು ಬಾರಿ ಯಾರೋ ಒಬ್ಬ ಗ್ರಾಹಕನ ಲಿಖಿತ ಪ್ರಶ್ನೆ ಇರುತ್ತದೆ.

ಆದರೆ ಅಲ್ಲಿ ದರ ಏರಿಸಬೇಡಿ ಎಂಬ ಮಾತು ನಿಲ್ಲುವುದಿಲ್ಲ, ಈ ಅಂಕಿ ತಪ್ಪು ಎಂಬ ಮಾತು ನಿಲ್ಲುತ್ತದೆ. ನಿಮ್ಮ ಊರಿನಿಂದಲೇ ಒಯ್ಯಬಹುದಾದ ಒಂದು ಅಂಕಿಯನ್ನು ಹೇಳುತ್ತೇನೆ. 10 ಎಚ್‌.ಪಿ.ವರೆಗಿನ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತ, ಬಹುತೇಕ ಪಂಪ್‌ಸೆಟ್‌ಗಳಿಗೆ ಮೀಟರಿಲ್ಲ. ಅವು ಬಳಸಿದ ವಿದ್ಯುತ್ತನ್ನು ಅಂದಾಜಿನಿಂದ ಲೆಕ್ಕ ಹಾಕಿ, ಆ ಹಣವನ್ನು ಸರ್ಕಾರದಿಂದ ಸಬ್ಸಿಡಿಯಾಗಿ ಪಡೆಯುತ್ತಾರೆ. 5 ಎಚ್‌.ಪಿ. ಮೋಟರು ಏಳು ತಾಸು ಪೂರ್ತಿ ಓಡಿದರೆ ಸುಮಾರು 26 ಯೂನಿಟ್. ಆದರೆ ನಿಮ್ಮ ಫೀಡರಿನಲ್ಲಿ ಏಳು ತಾಸು ತ್ರೀ ಫೇಸ್ ನಿಜವಾಗಿ ಬರುತ್ತದೆಯೇ? ಪಟ್ಟಿಯಲ್ಲಿರುವ ಆರ್‌.ಆರ್. ನಂಬರುಗಳಲ್ಲಿ, ಅಂದರೆ ಸಂಪರ್ಕ ಸಂಖ್ಯೆಗಳಲ್ಲಿ, ಎಷ್ಟು ಬೋರ್‌ವೆಲ್ ಬತ್ತಿ, ಮೋಟರು ಮೇಲೆತ್ತಿ ಮನೆ ಹಿಂದೆ ಇಟ್ಟಿದ್ದಾರೆ? ಬತ್ತಿದ ಬೋರ್‌ವೆಲ್ಲೂ ಲೆಕ್ಕದಲ್ಲಿ ನೀರೆತ್ತುತ್ತಿದ್ದರೆ, ಆ ಯೂನಿಟ್ಟುಗಳು ವಾಸ್ತವವಾಗಿ ತಂತಿಯಲ್ಲಿ ಸೋರಿದ ಅಥವಾ ಕಳ್ಳತನವಾದ ವಿದ್ಯುತ್. ಅದು ರೈತನ ಹೆಸರಿಗೆ ಬರೆಯಲ್ಪಟ್ಟು, ರೈತ ವಿದ್ಯುತ್ ಪೋಲು ಮಾಡುತ್ತಾನೆ ಎಂಬ ಅಪವಾದವೂ ಜೊತೆಗೆ ಬರುತ್ತದೆ. ಪಂಪ್‌ಸೆಟ್‌ಗಳ ಜಿಪಿಎಸ್ ಸಮೀಕ್ಷೆ ನಡೆಸಿ ನಿಂತುಹೋದವನ್ನು ಲೆಕ್ಕದಿಂದ ತೆಗೆಯಲು ಆಯೋಗವೇ ಕಂಪನಿಗಳಿಗೆ ಸೂಚಿಸಿದೆ. ಒಂದು ಫೀಡರಿನ ರೈತರು ಸೇರಿ, ಒಂದು ತಿಂಗಳು ನೋಟ್‌ಬುಕ್ಕಿನಲ್ಲಿ ತ್ರೀ ಫೇಸ್ ಬಂದ ಹೊತ್ತು, ಹೋದ ಹೊತ್ತು ಬರೆದು, ಬತ್ತಿದ ಬೋರ್‌ವೆಲ್‌ಗಳ ಆರ್‌.ಆರ್. ನಂಬರಿನ ಪಟ್ಟಿ ಜೋಡಿಸಿ ಸಲ್ಲಿಸಿದರೆ, ಅದನ್ನು ತಳ್ಳಿಹಾಕುವುದು ಯಾವ ತಜ್ಞರಿಗೂ ಸುಲಭವಲ್ಲ. ರಾಜ್ಯಗಳ ಇಂಥ ಅಂಕಿಗಳನ್ನು ಕೂಡಿಸಿಯೇ ದೇಶದ ಬೇಡಿಕೆಯ ಅಂದಾಜು ಏಳುವುದು. ನೀತಿ ನಿಮ್ಮ ಹೊಲದಿಂದ ಆರಂಭವಾಗುತ್ತದೆ ಎಂದು ನಾನು ಹೇಳಿದರೆ ಅದು ಉತ್ಪ್ರೇಕ್ಷೆಯಲ್ಲ.

ಈ ವೇದಿಕೆಗೂ ಮಿತಿಗಳಿವೆ. ಸಾರ್ವಜನಿಕ ಹಿತದ ನೀತಿ ವಿಷಯಗಳಲ್ಲಿ ರಾಜ್ಯ ಸರ್ಕಾರ ಆಯೋಗಕ್ಕೆ ನಿರ್ದೇಶನ ನೀಡಬಹುದು. ಕೇಂದ್ರದ ಗುರಿಗಳನ್ನು ಆಯೋಗ ಬದಲಿಸಲಾರದು. 2025ರ ಮಾರ್ಚ್‌ನಲ್ಲಿ ಮೂರು ವರ್ಷಗಳ ದರವನ್ನು ಒಟ್ಟಿಗೆ ನಿಗದಿ ಮಾಡಿರುವುದರಿಂದ ದರದ ದೊಡ್ಡ ವಿಚಾರಣೆ ಪ್ರತಿ ವರ್ಷವೂ ಇರುವುದಿಲ್ಲ; ಪ್ರಕಟಣೆಗಳ ಮೇಲೆ ಕಣ್ಣಿಡಬೇಕು. ಗ್ರಾಹಕರ ಪರವಾಗಿ ವಾದಿಸಲು ಯಾರನ್ನಾದರೂ ನೇಮಿಸುವ ಅಧಿಕಾರ 94ನೇ ಸೆಕ್ಷನ್ನಿನಲ್ಲಿ ಆಯೋಗಕ್ಕಿದೆ. ಬಯಲುಸೀಮೆಯ ಪಂಪ್‌ಸೆಟ್ ರೈತರಿಗಾಗಿ ಅದನ್ನು ಬಳಸಿ ಎಂದು ಕೇಳುವುದು ನ್ಯಾಯವಾದ ಬೇಡಿಕೆ.

ಜನಮತಗಣನೆಯನ್ನು ನಾನು ಸೂಚಿಸುವುದಿಲ್ಲ. ನಮ್ಮ ಸಂವಿಧಾನದಲ್ಲಿ ಅದಕ್ಕೆ ಅವಕಾಶ ಕಲ್ಪಿಸಿಲ್ಲ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಹೌದು ಅಥವಾ ಇಲ್ಲ ಎಂಬ ಎರಡೇ ಉತ್ತರದ ಮತದಾನದಲ್ಲಿ ವಿದ್ಯುತ್ ಬಳಸುವ ಮಹಾನಗರದ ಕೋಟಿ ಮತಗಳ ಎದುರು ನೆಲ ಕೊಡುವ ಜಗಳೂರಿನ ಮತ ಮುಳುಗಿಹೋಗುತ್ತದೆ. ಆಸ್ಟ್ರಿಯಾದಲ್ಲಿ 1978ರಲ್ಲಿ ಕಟ್ಟಿ ಮುಗಿದಿದ್ದ ಅಣುಸ್ಥಾವರವೊಂದನ್ನು ಶೇ. 50.5ರಷ್ಟು ಮತ ಆರಂಭಿಸದಂತೆ ತಡೆಯಿತು. ಅಷ್ಟೆಲ್ಲ ಹಣ ಸುರಿದ ಮೇಲೆ ಜನರನ್ನು ಕೇಳಿದ್ದೇ ಅಲ್ಲಿನ ತೊಡಕು.

ನನಗೆ ಹೆಚ್ಚು ಭರವಸೆ ಹುಟ್ಟಿಸುವುದು ಬೇರೊಂದು ಕ್ರಮ. ದಕ್ಷಿಣ ಕೊರಿಯಾದಲ್ಲಿ 2017ರಲ್ಲಿ ಶಿನ್ ಕೋರಿ 5 ಮತ್ತು 6ನೇ ಅಣು ಘಟಕಗಳನ್ನು ಅರ್ಧಕ್ಕೆ ನಿಲ್ಲಿಸಬೇಕೇ ಎಂಬ ವಿವಾದ ಎದ್ದಾಗ ಸರ್ಕಾರ ಕಾಮಗಾರಿ ತಡೆದು, ದೇಶದ ಎಲ್ಲ ಬಗೆಯ ಜನರನ್ನು ಪ್ರತಿನಿಧಿಸುವಂತೆ ಆಯ್ದ 471 ಸಾಮಾನ್ಯ ನಾಗರಿಕರಿಗೆ ಎರಡೂ ಪಕ್ಷಗಳ ವಾದವನ್ನು ಓದಿಸಿ, ತಜ್ಞರನ್ನು ಪ್ರಶ್ನಿಸಲು ಬಿಟ್ಟು, ಗುಂಪುಗಳಲ್ಲಿ ಚರ್ಚೆ ನಡೆಸಿತು. ಕೊನೆಗೆ ಶೇ. 59.5ರಷ್ಟು ಜನ ಕಾಮಗಾರಿ ಮುಂದುವರಿಸಿ ಎಂದರು. ಅದೇ ಜನರಲ್ಲಿ ಶೇ. 53.2ರಷ್ಟು ಮುಂದೆ ಅಣು ವಿದ್ಯುತ್ತಿನ ಪಾಲು ತಗ್ಗಿಸಬೇಕು ಎಂದರು. ಕೈಗೆತ್ತಿಕೊಂಡದ್ದನ್ನು ಮುಗಿಸಿ, ಹೊಸದಕ್ಕೆ ಹೋಗಬೇಡಿ ಎಂಬ ಇಷ್ಟು ಸೂಕ್ಷ್ಮವಾದ ಉತ್ತರ ಸಾಮಾನ್ಯ ಜನರಿಂದ ಬಂದಿತು. ನಮಗೂ ಇದು ಅಪರಿಚಿತವಲ್ಲ: 2001ರಲ್ಲಿ ಆಗಿನ ಆಂಧ್ರಪ್ರದೇಶದ ಮೇದಕ ಜಿಲ್ಲೆಯಲ್ಲಿ ‘ಪ್ರಜಾತೀರ್ಪು’ ಎಂಬ ಹೆಸರಿನಲ್ಲಿ ಸಣ್ಣ ರೈತರು, ಅವರಲ್ಲಿ ಬಹುಪಾಲು ಮಹಿಳೆಯರು, ರಾಜ್ಯದ ಕೃಷಿಯ ಮುಂದಿನ ದಾರಿಯ ಬಗ್ಗೆ ಸಾಕ್ಷಿಗಳನ್ನು ಕೇಳಿ ತೀರ್ಪು ಕೊಟ್ಟಿದ್ದರು. ಇದರ ಅಪಾಯ ಎರಡು. ಪ್ರಶ್ನೆ ಬರೆಯುವವರು, ಸಾಕ್ಷಿಗಳನ್ನು ಕರೆಯುವವರು ಯಾರೋ ಅವರ ಕೈಯಲ್ಲಿ ಉತ್ತರದ ಅರ್ಧ ಇರುತ್ತದೆ. ಮತ್ತು ಸರ್ಕಾರ ಮೊದಲೇ ಮಾತು ಕೊಡದಿದ್ದರೆ ತೀರ್ಪು ಕಡತ ಸೇರುತ್ತದೆ. ಗಾಳಿ, ಸೌರ ಯೋಜನೆಗಳು ದಟ್ಟವಾಗುತ್ತಿರುವ ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳಲ್ಲಿ ಯಾವ ನೆಲ ಕೊಡಬಹುದು, ಯಾವುದನ್ನು ಮುಟ್ಟಬಾರದು ಎಂಬ ಒಂದೇ ಪ್ರಶ್ನೆಗೆ ಇಂಥ ಸಭೆ ನಡೆಸಲು ಜಿಲ್ಲಾ ಪಂಚಾಯಿತಿ ಮನಸ್ಸು ಮಾಡಿದರೆ ಸಾಕು. ದೆಹಲಿಯ ಅಪ್ಪಣೆ ಬೇಕಿಲ್ಲ.

ನಿಮ್ಮ ಹೊಲದ ಕಲ್ಲು ಮತ್ತು ಏಜೆಂಟರ ವಿಷಯ ತುರ್ತಿನದಾದ್ದರಿಂದ ಅದನ್ನು ಹೇಳಿ ಮುಗಿಸುತ್ತೇನೆ. ದೊಡ್ಡ ಲೈನುಗಳನ್ನು ಎಳೆಯುವವರು ಬಹುತೇಕ ವಿದ್ಯುತ್ ಕಾಯಿದೆಯ 164ನೇ ಸೆಕ್ಷನ್ನಿನಂತೆ ಖಾಸಗಿ ಜಮೀನಿನ ಮೇಲೂ ಲೈನ್ ಎಳೆಯುವ ಅಧಿಕಾರ ಪಡೆದು ಬರುತ್ತಾರೆ. ಅದರಲ್ಲಿ ಜಮೀನು ನಿಮ್ಮದಾಗಿಯೇ ಉಳಿಯುತ್ತದೆ, ಪರಿಹಾರ ಮಾತ್ರ ಸಿಗುತ್ತದೆ. ಆ ಆದೇಶದ ಪ್ರತಿಯನ್ನು ಬರವಣಿಗೆಯಲ್ಲಿ ಕೇಳಿ. ಗೋಪುರ ನಿಲ್ಲುವ ಜಾಗಕ್ಕೆ ಜಮೀನಿನ ಬೆಲೆಯ ಶೇ. 200, ತಂತಿ ಹಾಯುವ ಪಟ್ಟಿಗೆ ಶೇ. 30 ಎಂದು ಕೇಂದ್ರ ವಿದ್ಯುತ್ ಸಚಿವಾಲಯ 2024ರ ಜೂನ್‌ನಲ್ಲಿ ಮಾರ್ಗಸೂಚಿ ನೀಡಿದೆ. ನಿಮ್ಮ ಲೈನಿಗೆ ಯಾವ ದರ ಅನ್ವಯವೆಂದು ಜಿಲ್ಲಾಧಿಕಾರಿ ಕಚೇರಿಯಿಂದ ಲಿಖಿತ ಉತ್ತರ ಪಡೆಯಿರಿ. ಮೊತ್ತ ಒಪ್ಪಿಗೆಯಾಗದಿದ್ದರೆ ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗಬಹುದು. ಲೀಸಿನ ಬಗ್ಗೆ ನಿರ್ಧರಿಸುವ ಮೊದಲು ಪಾವಗಡಕ್ಕೆ ಒಮ್ಮೆ ಹೋಗಿ ಬನ್ನಿ. ಅಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಇದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಬಾಡಿಗೆ ಆರಂಭಿಸಿ, ಎರಡು ವರ್ಷಕ್ಕೊಮ್ಮೆ ಶೇ. 5ರಂತೆ ಏರಿಸುವ ಕರಾರಾಯಿತು. ಪಹಣಿ ಇದ್ದವರಿಗೆ ಅದು ಬರದಲ್ಲಿಯೂ ನಿಂತ ಆದಾಯ; ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಬಾಡಿಗೆಯೂ ಇಲ್ಲ, ಕೆಲಸವೂ ಇಲ್ಲ. ಇಬ್ಬರನ್ನೂ ಮಾತನಾಡಿಸಿ. ಡೆನ್ಮಾರ್ಕಿನಲ್ಲಿ 2008ರ ಕಾಯಿದೆ ಹೊಸ ಗಾಳಿ ಯೋಜನೆಗಳ ಕನಿಷ್ಠ ಶೇ. 20ರಷ್ಟು ಷೇರನ್ನು ಸುತ್ತಲಿನ ನಿವಾಸಿಗಳಿಗೆ ಮಾರಾಟಕ್ಕಿಡಬೇಕೆಂದು ವಿಧಿಸಿತ್ತು; ಮುಂದೆ ಆ ನಿಯಮ ಬದಲಾಯಿತು, ಆದರೂ ಪಾಲು ಕೇಳುವುದು ಅತಿಯಾಸೆಯಲ್ಲ ಎಂಬುದಕ್ಕೆ ಅದು ನಿದರ್ಶನ. ಏಜೆಂಟನ ಕರಾರಿನಲ್ಲಿ ಮೂರು ವಿಷಯಗಳನ್ನು ಬೆರಳಿಟ್ಟು ಹುಡುಕಿ: ಕಂಪನಿ ಬೇರೊಬ್ಬರಿಗೆ ಮಾರಿಕೊಂಡರೆ ನಿಮ್ಮ ಬಾಡಿಗೆಗೆ ಯಾರು ಹೊಣೆ, ಅವಧಿ ಮುಗಿದ ಮೇಲೆ ಕಂಬ, ಕಾಂಕ್ರೀಟು ಕಿತ್ತು ಜಮೀನು ಸಾಗುವಳಿಗೆ ಮರಳಿಸುವ ಖರ್ಚು ಯಾರದು, ವ್ಯಾಜ್ಯವಾದರೆ ಯಾವ ಊರಿನ ನ್ಯಾಯಾಲಯ. ಈ ಮೂರಕ್ಕೂ ಕನ್ನಡದಲ್ಲಿ ಬರೆದ ಉತ್ತರ ಸಿಗುವವರೆಗೆ ಸಹಿ ಹಾಕಬೇಡಿ, ಮುಂಗಡವನ್ನೂ ಮುಟ್ಟಬೇಡಿ.